ಊರಿನ ಪುಸ್ತಕದಲ್ಲಿ ಇಲ್ಲದವರು: ನಮ್ಮ ಸೀಮೆಯ ಸಂಚಾರಿ ಕುರಿಗಾರರ ಇತಿಹಾಸ

ಶಾಲೆಯೊಂದಕ್ಕೆ ಐವತ್ತು ವರ್ಷ ತುಂಬಿದಾಗ ಹೊರಬರುವ ಸಂಚಿಕೆಯಲ್ಲಿ ಊರಿನ ಹಿರಿಯರ, ಜಾಗ ಕೊಟ್ಟ ದಾನಿಗಳ, ಪಾಠ ಹೇಳಿದ ಗುರುಗಳ, ಓದಿ ಮುಂದೆ ಬಂದ ವಿದ್ಯಾರ್ಥಿಗಳ ಹೆಸರು ಇರುತ್ತವೆ. ಇರಲೇಬೇಕು. ಅವರೆಲ್ಲರ ಋಣದಿಂದಲೇ ನಾವು ನಾಲ್ಕು ಅಕ್ಷರ ಕಲಿತೆವು. ಆದರೆ ಹಿರೇಬೆಂಡಿಗೇರಿಯಂಥ ಊರಿನ ಬದುಕಿನಲ್ಲಿ ಪಾಲಿದ್ದೂ ಯಾವ ಪುಸ್ತಕದಲ್ಲೂ ಹೆಸರಿಲ್ಲದ ಇನ್ನೊಂದು ಜನವಿದೆ. ಅವರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಹಿಂಡು, ಕುದುರೆ, ನಾಯಿ, ಹೆಂಡಿರು ಮಕ್ಕಳ ಸಮೇತ ನಮ್ಮ ಸೀಮೆಗೆ ಬರುತ್ತಾರೆ. ನಮ್ಮ ಹೊಲದಲ್ಲಿ ನಾಲ್ಕಾರು ರಾತ್ರಿ ಇದ್ದು ಮುಂದಿನ ಊರಿಗೆ ನಡೆಯುತ್ತಾರೆ. ಈ ಸಂಚಾರಿ ಕುರಿಗಾರರ ಇತಿಹಾಸವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ದಿನವೂ ದಾಖಲೆ, ದತ್ತಾಂಶಗಳ ನಡುವೆ ಇರುವುದರಿಂದಲೋ ಏನೋ, ದಾಖಲೆಯಲ್ಲಿ ಯಾರು ಇಲ್ಲ ಎಂಬುದರ ಕಡೆಗೇ ನನ್ನ ಗಮನ ಹೋಗುತ್ತದೆ.

ಹಳೆಯ ಬೇರು

ಪಶುಪಾಲನೆ ನಮ್ಮ ಭಾಗಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ದಂಡೆಗೆ ಹಳ್ಳೂರು ಎಂಬ ಊರಿದೆ. 1960ರ ದಶಕದಲ್ಲಿ ಪುರಾತತ್ವ ವಿದ್ವಾಂಸ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ನೆಲೆ ಬೆಳಕಿಗೆ ಬಂತು. ಅಲ್ಲಿ ಸಿಕ್ಕ ಎಲುಬುಗಳನ್ನು ಪಶುವೈದ್ಯ ವಿಜ್ಞಾನಿ ಕೆ. ಆರ್. ಆಲೂರ ಅವರು ಪರೀಕ್ಷಿಸಿದರು. ಅವುಗಳಲ್ಲಿ ಕುದುರೆಯ ಎಲುಬೂ ಇವೆ ಎಂದು ಅವರು ಹೇಳಿದ್ದು ವಿದ್ವಾಂಸರಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಆ ಎಲುಬುಗಳಲ್ಲಿದ್ದ ದನ ಮತ್ತು ಕುರಿ-ಮೇಕೆಗಳು. ಮೂರು ಸಾವಿರ ವರ್ಷಕ್ಕೂ ಹಿಂದೆ ಇದೇ ನದಿ ಬಯಲಿನಲ್ಲಿ ಜನ ಹಿಂಡು ಸಾಕುತ್ತಿದ್ದರು.

ಬಳ್ಳಾರಿ, ರಾಯಚೂರು, ಸುರಪುರದ ಕಡೆ ಇರುವ ಬೂದಿ ದಿಬ್ಬಗಳದ್ದೂ ಇದೇ ಕಥೆ. ಆ ದಿಬ್ಬಗಳು ಯಾವುದೋ ರಾಕ್ಷಸರ ಬೂದಿ ಎಂದು ಜನ ನಂಬಿದ್ದರು. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ 1957ರಲ್ಲಿ ಎಫ್. ಆರ್. ಆಲ್ಚಿನ್ ಅಗೆದು ನೋಡಿದಾಗ ಬೇಲಿ ಕಂಬ ನೆಟ್ಟ ಗುಳಿಗಳು, ದನದ ಗೊರಸಿನ ಗುರುತುಗಳು ಸಿಕ್ಕವು. ಹಿಂಡು ಕೂಡಿಹಾಕಿದ ದೊಡ್ಡಿಯಲ್ಲಿ ವರ್ಷಗಟ್ಟಲೆ ಬಿದ್ದ ಸಗಣಿ ಸುಟ್ಟು ದಿಬ್ಬವಾಗಿತ್ತು. ಮುಂದೆ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನವೂ ಇಂಥ ಬದುಕಿನ ವಿವರಗಳನ್ನು ತೆರೆದಿಟ್ಟಿತು.

ಹಾನಗಲ್ಲ ಕದಂಬರ ಕಾಲಕ್ಕೆ ಬಂದರೆ ಸಾಕ್ಷಿ ನಮ್ಮ ಊರುಗಳ ಗುಡಿಯ ಮುಂದೆಯೇ ನಿಂತಿದೆ. ಹಾವೇರಿ ಜಿಲ್ಲೆಯ ತುಂಬ ವೀರಗಲ್ಲುಗಳಿವೆ. ಅವುಗಳಲ್ಲಿ ಹಲವು ತುರುಗೊಳ್ ಕಾಳಗದಲ್ಲಿ, ಅಂದರೆ ವೈರಿಗಳು ಹೊಡೆದುಕೊಂಡು ಹೊರಟ ದನಗಳನ್ನು ಮರಳಿ ತರುವಾಗ ಸತ್ತವರ ನೆನಪಿಗೆ ನಿಲ್ಲಿಸಿದವು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು ಕಾಣುವುದು ಅದಕ್ಕೇ. ರಾಜರ ಸಂಗತಿ ತಾಮ್ರಪಟದಲ್ಲಿ ಉಳಿದರೆ, ಹಿಂಡು ಕಾಯ್ದವರದು ಈ ಕಲ್ಲುಗಳಲ್ಲಿ ಉಳಿಯಿತು.

ಹಾಲುಮತದ ನೆಲ

ಸಂತ ಕವಿ ಕನಕದಾಸರು ಹುಟ್ಟಿದ ಬಾಡ ನಮ್ಮದೇ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಅವರ ಆರಾಧ್ಯದೈವ ಆದಿಕೇಶವನ ಕಾಗಿನೆಲೆಯೂ ದೂರವಿಲ್ಲ. ಕುರುಬ ಸಮಾಜದಲ್ಲಿ ಹುಟ್ಟಿ ದಂಡನಾಯಕರಾಗಿದ್ದ ಅವರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ ಬಡವರ ಧಾನ್ಯವನ್ನು ಗೆಲ್ಲಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಈ ಸಮಾಜವನ್ನು ಹಾಲುಮತವೆಂದು ಕರೆಯುತ್ತಾರೆ. ಮದುವೆಯಲ್ಲಿ ಹತ್ತಿಯ ದಾರದ ಕಂಕಣ ಕಟ್ಟುವವರು ಹತ್ತಿಕಂಕಣದವರು, ಉಣ್ಣೆಯ ದಾರ ಕಟ್ಟುವವರು ಉಣ್ಣೆಕಂಕಣದವರು ಎಂಬ ಎರಡು ಬಳಗಗಳಿವೆ. ಮಗ್ಗ, ಹಿಂಡು, ಹೊಲ ಮೂರೂ ಬೆರೆತ ಬದುಕು ಇವರದು.

ಬೀರಪ್ಪ ಮತ್ತು ಮೈಲಾರಲಿಂಗ ಇವರ ದೇವರು. ಡೊಳ್ಳು ಬೀರಪ್ಪನ ಗುಡಿಯ ವಾದ್ಯ. ತುಂಗಭದ್ರೆಯ ಆಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ, ಈಚೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಒಂದೇ ಸಾಲಿನ ಆ ನುಡಿಯಲ್ಲಿ ಜನ ಮಳೆ ಬೆಳೆಯ ಸೂಚನೆ ಹುಡುಕುತ್ತಾರೆ. ಮಳೆ ಎಲ್ಲಿ ಬಿತ್ತು, ಮೇವು ಎಲ್ಲಿ ಇದೆ ಎಂಬುದರ ಮೇಲೆಯೇ ದಾರಿ ನಿಶ್ಚಯವಾಗುವ ಜನಕ್ಕೆ ಇಂಥ ಜಾತ್ರೆ ಭಕ್ತಿಯ ಜೊತೆಗೆ ಸುದ್ದಿ ಕೂಡುವ ಜಾಗವೂ ಹೌದು.

ಜಗತ್ತಿನ ವಿದ್ವಾಂಸರೂ ಈ ಬದುಕನ್ನು ಗಮನಿಸಿದ್ದಾರೆ. ಮಾಧವ ಗಾಡ್ಗೀಳ ಮತ್ತು ಕೆ. ಸಿ. ಮಲ್ಹೋತ್ರ ಅವರು ಪಶ್ಚಿಮ ಘಟ್ಟದ ಪಶುಪಾಲಕರನ್ನು ಅಧ್ಯಯನ ಮಾಡಿ ಒಂದು ಸರಳ ಸಂಗತಿಯನ್ನು ತೋರಿಸಿದರು. ಮಳೆ ಹೆಚ್ಚಿರುವ ಘಟ್ಟದ ನೆತ್ತಿಯಲ್ಲಿ ಗೌಳಿಗರು ಎಮ್ಮೆ ಸಾಕಿದರೆ, ಮಳೆ ಕಡಿಮೆ ಇರುವ ಬಯಲಿನಲ್ಲಿ ಅದೇ ದನಗರ ಸಮುದಾಯದ ಬೇರೆ ಗುಂಪಿನವರು ಕುರಿ ಸಾಕಿದರು. ಒಬ್ಬರ ಮೇವಿಗೆ ಇನ್ನೊಬ್ಬರು ಕೈ ಹಾಕಲಿಲ್ಲ. ನಮ್ಮ ಸೀಮೆ ಈ ಎರಡರ ನಡುವಿನ ಅರೆಮಲೆನಾಡು. ಪಶ್ಚಿಮಕ್ಕೆ ಮುಂಡಗೋಡ, ಯಲ್ಲಾಪುರ, ಕಲಘಟಗಿ ಕಡೆ ಗೌಳಿಗರ ದಡ್ಡಿಗಳು, ಪೂರ್ವಕ್ಕೆ ಕುರಿಗಾರರ ಹಟ್ಟಿಗಳು.

ವರ್ಷದ ಸುತ್ತು

ಕುರಿಗಾರರ ಅಲೆದಾಟ ದಿಕ್ಕಿಲ್ಲದ ತಿರುಗಾಟವೆಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದಕ್ಕೊಂದು ಪಕ್ಕಾ ಲೆಕ್ಕವಿದೆ. ದಖ್ಖನಿ ಕುರಿ ಬರ, ಬಿಸಿಲು, ದೂರದ ನಡಿಗೆ ಎಲ್ಲವನ್ನೂ ತಾಳುತ್ತದೆ. ತಾಳದೆ ಇರುವುದು ಒಂದೇ, ಕೆಸರು. ನೆಲ ಹಸಿಯಾಗಿಯೇ ಇದ್ದರೆ ಗೊರಸು ಕೊಳೆಯುತ್ತದೆ, ಮರಿಗಳು ಉಳಿಯುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಹಿಂಡು ಗೋಕಾಕ, ರಾಯಬಾಗ, ಚಿಕ್ಕೋಡಿ, ಬಾಗಲಕೋಟೆ ಕಡೆಯ ಒಣಭೂಮಿಯಲ್ಲಿ, ತಮ್ಮ ಊರಿನ ಆಸುಪಾಸು ಇರುತ್ತದೆ. ದೀಪಾವಳಿಯ ನಂತರ ಅಲ್ಲಿ ಹುಲ್ಲು ಒಣಗುತ್ತದೆ. ಆ ಹೊತ್ತಿಗೆ ನಮ್ಮ ಕಡೆ ಭತ್ತ, ಗೋವಿನಜೋಳ ಕೊಯ್ದು ಹೊಲ ಬಯಲಾಗುತ್ತಾ ಬರುತ್ತದೆ. ಕೊಯ್ದ ಗದ್ದೆಯ ಕೂಳೆ, ಬದುವಿನ ಹುಲ್ಲು, ಬಿಡಿಸಿ ಮುಗಿದ ಹತ್ತಿ ಹೊಲದ ಎಲೆ, ಜಾಲಿಯ ಕಾಯಿ, ಎಲ್ಲವೂ ಮೇವು. ಹಿಂಡು ಧಾರವಾಡ, ಶಿಗ್ಗಾಂವಿ, ಹಾನಗಲ್ಲ ಸೀಮೆ ಹಿಡಿದು ಮಲೆನಾಡಿನ ಅಂಚಿನವರೆಗೆ ನಡೆಯುತ್ತದೆ. ಮಿರಗ ಮಳೆ ಕೂಡುವ ಮೊದಲೇ ತಿರುಗಿ ಊರು ಸೇರಬೇಕು.

ಕೆಲವು ಕುಟುಂಬಗಳು ಕೂಡಿ ನಡೆಯುತ್ತವೆ. ಎಲ್ಲರ ಕುರಿ ಸೇರಿದರೆ ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಗಂಡಸರು ಹಿಂಡಿನ ಸಂಗಡ ಮೇವು ಹುಡುಕುತ್ತ ಸುತ್ತು ದಾರಿ ಹಿಡಿದರೆ, ಹೆಂಗಸರು ಕುದುರೆಯ ಮೇಲೆ ಗಂಟುಮೂಟೆ, ಪಾತ್ರೆ, ಎಳೆಯ ಮರಿ, ಕೆಲವೊಮ್ಮೆ ಎಳೆಯ ಕೂಸು ಹೇರಿಕೊಂಡು ನೇರ ಮುಂದಿನ ಬಿಡಾರಕ್ಕೆ ಹೋಗುತ್ತಾರೆ. ಅಲ್ಲಿ ಬಲೆ ಕಟ್ಟುವುದು, ನೀರು ತರುವುದು, ರೊಟ್ಟಿ ಬಡಿಯುವುದು, ಸೊರಗಿದ ಮರಿಗೆ ಹಾಲು ಕುಡಿಸುವುದು ಅವರ ಕೆಲಸ. ಕುರಿ ಕಾಯುವುದೆಂದರೆ ಗಂಡಸಿನ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಬಿಡಾರ ಹೊತ್ತು ನಡೆಯುವವಳು ಹೆಣ್ಣುಮಗಳು.

ಬಾಯಿಮಾತಿನ ಕರಾರು

ಈ ಬದುಕು ಇಷ್ಟು ಕಾಲ ಉಳಿದದ್ದು ಹೇಗೆ? ಅವರ ಹಟದಿಂದ, ಸಂಪ್ರದಾಯದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಅರ್ಧ ಸತ್ಯ. ಇನ್ನರ್ಧ ಇರುವುದು ಒಕ್ಕಲಿಗನಿಗೂ ಕುರಿಗಾರನಿಗೂ ನಡುವಿನ ಕರಾರಿನಲ್ಲಿ. ಹಗಲು ಮೇಯ್ದ ಹಿಂಡನ್ನು ರಾತ್ರಿ ಒಬ್ಬ ರೈತನ ಹೊಲದಲ್ಲಿ ತರುಬುತ್ತಾರೆ. ಹಿಕ್ಕೆ, ಗಂಜಳ ಎರಡೂ ನೇರವಾಗಿ ಮಣ್ಣಿಗೆ ಬೀಳುತ್ತವೆ. ಮರುದಿನ ಬಲೆಯನ್ನು ನಾಲ್ಕು ಮಾರು ಸರಿಸುತ್ತಾರೆ. ಹೀಗೆ ಹೊಲ ಪೂರ್ತಿ ಗೊಬ್ಬರವಾಗುತ್ತದೆ. ಹೇರುವ ಬಂಡಿ ಬೇಡ, ಹರಡುವ ಆಳು ಬೇಡ. ಇದಕ್ಕೆ ಪ್ರತಿಯಾಗಿ ರೈತ ಜೋಳ, ಭತ್ತ, ಇತ್ತೀಚೆಗೆ ರೊಕ್ಕ ಕೊಡುತ್ತಾನೆ.

“ಕಾಕಾ, ಈ ಸಲ ನಮ್ಮ ಹೊಲದಾಗ ಎಷ್ಟು ರಾತ್ರಿ ತರುಬತೀರಿ?” ಎಂದು ರೈತ ಕೇಳುವುದು, “ನೀರು ಐತೇನ್ರಿ ಗೌಡ್ರ? ನೀರಿದ್ರ ನಾಕ ರಾತ್ರಿ ಇರ್ತೀವಿ” ಎಂದು ಅವರು ಹೇಳುವುದು, ಇಷ್ಟರಲ್ಲಿಯೇ ವ್ಯವಹಾರ ಮುಗಿಯುತ್ತಿತ್ತು. ಕಾಗದವಿಲ್ಲ, ಸಹಿಯಿಲ್ಲ. ಒಂದೇ ಮನೆತನದ ಹೊಲಕ್ಕೆ ಒಂದೇ ಮನೆತನದ ಹಿಂಡು ತಲೆಮಾರುಗಳವರೆಗೆ ಬಂದ ಉದಾಹರಣೆಗಳಿವೆ.

ನಮ್ಮ ಪಹಣಿ ಪತ್ರಿಕೆ ತೆಗೆದು ನೋಡಿ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಆ ಕೆಲಸದ ಬಗ್ಗೆ ಸಾಫ್ಟ್‌ವೇರ್‌ನವನಾದ ನನಗೆ ಬಹಳ ಗೌರವವಿದೆ. ಮಾಲೀಕ ಯಾರು, ಬೆಳೆ ಯಾವುದು, ನೀರಾವರಿ ಉಂಟೋ ಇಲ್ಲವೋ, ಸಾಲ ಎಷ್ಟು, ಎಲ್ಲಕ್ಕೂ ಅದರಲ್ಲಿ ಕಾಲಂ ಇದೆ. ಆ ಹೊಲದಲ್ಲಿ ಯಾರ ಹಿಂಡು ಕೂತೆದ್ದು ಮಣ್ಣು ಕಟ್ಟಿತು ಎಂಬುದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ ಸಂಗತಿ ಕಾಲ ಕಳೆದಂತೆ ನಡೆದೇ ಇಲ್ಲ ಎಂಬಂತಾಗುತ್ತದೆ.

ಕಂಬಳಿಯ ಕಥೆ

ಹಿಂಡಿನ ಎರಡನೆಯ ಆದಾಯ ಉಣ್ಣೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಮಗ್ಗಕ್ಕೆ ಏರಿಸಿ ಕಂಬಳಿ ನೇಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಮದುವೆಯಲ್ಲಿ ಗದ್ದಿಗೆ, ಕಣದಲ್ಲಿ ಹಾಸಿಗೆ, ಹೀಗೆ ಕರಿ ಕಂಬಳಿ ಇಲ್ಲದ ಒಕ್ಕಲುಮನೆ ಇರಲಿಲ್ಲ.

ಗಿರಣಿಯ ಅಗ್ಗದ ರಗ್ಗು, ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಕಂಬಳಿಯ ಬೇಡಿಕೆ ಕುಸಿಯಿತು. ಈಗ ಅನೇಕ ಕಡೆ ಉಣ್ಣೆ ಮಾರಿದ ಹಣ ಕತ್ತರಿಸುವ ಕೂಲಿಗೂ ಸಾಲುವುದಿಲ್ಲ. ಸಹಜವಾಗಿಯೇ ಕುರಿಗಾರರು ಮಾಂಸಕ್ಕೆ ಒದಗುವ, ಬೇಗ ತೂಕ ಬರುವ ತಳಿಗಳ ಕಡೆ ಹೊರಳಿದ್ದಾರೆ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ. ದೇಶದಲ್ಲಿ ಮೂರನೆಯ ಸ್ಥಾನ. ಅಂದರೆ ಕುರಿ ಸಾಕಣೆ ಅಳಿಯುತ್ತಿಲ್ಲ. ಅಳಿಯುವ ಅಪಾಯವಿರುವುದು ಕುರಿಯ ಹಿಂದೆ ಇದ್ದ ನಡಿಗೆ, ಮಗ್ಗ, ತಳಿ ಮತ್ತು ಕರಾರುಗಳಿಗೆ.

ಗಾಯರಾಣ ಹೋದ ಬಗೆ

ಕೊಯ್ಲು ಮುಗಿಯದ ದಿನಗಳಲ್ಲಿ, ಹೊಲದಿಂದ ಹೊಲಕ್ಕೆ ಹೋಗುವ ನಡುವೆ ಹಿಂಡಿಗೆ ಆಸರೆಯಾಗಿದ್ದುದು ಊರಿನ ಗಾಯರಾಣ. ಹಳೆ ಮೈಸೂರಿನವರು ಗೋಮಾಳ ಎನ್ನುವುದನ್ನೇ ಮುಂಬಯಿ ಕರ್ನಾಟಕದ ನಾವು ಗಾಯರಾಣ ಎನ್ನುತ್ತೇವೆ. ಇದು ಕರಗಿದ್ದು ಒಂದೇ ದಿನದಲ್ಲಿ ಅಲ್ಲ.

1840ರ ದಶಕದಲ್ಲಿ ಬ್ರಿಟಿಷರ ಮೋಜಣಿ ಧಾರವಾಡ ಜಿಲ್ಲೆಗೆ ಬಂತು. ಪ್ರತಿ ಹೊಲಕ್ಕೆ ನಂಬರು, ಗಡಿಕಲ್ಲು, ಕಂದಾಯ ನಿಗದಿಯಾಯಿತು. 1871ರ ಜಾನುವಾರು ಅತಿಕ್ರಮಣ ಕಾಯ್ದೆ ಕೊಂಡವಾಡವನ್ನು ಗಟ್ಟಿಗೊಳಿಸಿತು. ಗಡಿ ದಾಟಿ ಮೇಯ್ದ ಜಾನುವಾರನ್ನು ಅಲ್ಲಿ ಕಟ್ಟಿ ದಂಡ ಕಟ್ಟಿಸಿಕೊಂಡೇ ಬಿಡುತ್ತಿದ್ದರು. 1878ರ ಅರಣ್ಯ ಕಾಯ್ದೆ ಕಾಡಿಗೆ ಗೆರೆ ಹಾಕಿತು. ಆಗ ನಮ್ಮ ಸೀಮೆ ಬಂಕಾಪುರ ತಾಲ್ಲೂಕಿಗೆ ಸೇರಿತ್ತು. ಒಂದೇ ಕಡೆ ಇದ್ದು ಕಂದಾಯ ಕಟ್ಟುವವನು ಸರಕಾರದ ಕಣ್ಣಿಗೆ ಒಳ್ಳೆಯ ಪ್ರಜೆ, ತಿರುಗುವವನ ಮೇಲೆ ಸದಾ ಅನುಮಾನ. ಆ ನೋಟ ಸ್ವಾತಂತ್ರ್ಯದ ನಂತರವೂ ಪೂರ್ತಿ ಹೋಗಲಿಲ್ಲ.

ನಮ್ಮ ನೆರೆಯ ಹಾನಗಲ್ಲ ತಾಲ್ಲೂಕಿನ ಕುಸನೂರಿನ ಹೆಸರನ್ನು ಇಲ್ಲಿ ಹೇಳಲೇಬೇಕು. 1984ರಲ್ಲಿ ಸರಕಾರಿ ನಿಗಮ ಮತ್ತು ಖಾಸಗಿ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿದವು. ಧಾರವಾಡವೂ ಸೇರಿ ಕೆಲವು ಜಿಲ್ಲೆಗಳ ಸುಮಾರು 75,000 ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸಿ ಕಾರ್ಖಾನೆಗೆ ಕೊಡುವುದು ಉದ್ದೇಶ. ಊರಿನ ದನ ಕುರಿ ಮೇಯುವ, ಬಡವರು ಸೌದೆ ತರುವ ನೆಲವದು. ನೀಲಗಿರಿಯ ಎಲೆಯನ್ನು ಕುರಿ ಮೂಸುವುದೂ ಇಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಅಲ್ಲಿ ಸುಳ್ಳಾಯಿತು. 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮೊದಲಾದವರ ಮುಂದಾಳುತನದಲ್ಲಿ ಜನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1990ರ ದಶಕದ ಆರಂಭದಲ್ಲಿ ಕಂಪನಿ ಮುಚ್ಚಿತು. ಸಾಮೂಹಿಕ ಭೂಮಿ ಯಾರದು ಎಂಬ ಪ್ರಶ್ನೆಯನ್ನು ದೇಶದ ಮುಂದೆ ಇಟ್ಟ ಹೋರಾಟ ನಮ್ಮ ಪಕ್ಕದ ಹಳ್ಳಿಯಲ್ಲಿ ನಡೆಯಿತೆಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಇಂದಿನ ಸ್ಥಿತಿ

ಕಂಪನಿ ಹೋಯಿತು, ಆದರೆ ಗಾಯರಾಣ ಹಿಗ್ಗಲಿಲ್ಲ. ಒತ್ತುವರಿ, ಆಶ್ರಯ ಮನೆ, ಸರಕಾರಿ ಕಟ್ಟಡ, ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ತುಂಡು ಹೋಗುತ್ತಲೇ ಇದೆ. ಬೋರ್‌ವೆಲ್ ಬಂದ ಹೊಲ ಸುಗ್ಗಿಯ ನಂತರವೂ ಖಾಲಿ ಬೀಳುವುದಿಲ್ಲ. ಯೂರಿಯಾ ಚೀಲ ಅಂಗಡಿಯಲ್ಲಿ ಸಿಗುವಾಗ ಹಿಂಡಿಗಾಗಿ ಯಾರೂ ಕಾಯುವುದಿಲ್ಲ. ಬಂಕಾಪುರದ ಬಳಿ ಹಾಯ್ದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿ ಅಗಲವಾದಷ್ಟೂ ಹಿಂಡು ದಾಟುವುದು ಕಠಿಣ. ಅಕಾಲ ಮಳೆ ಒಂದು ರಾತ್ರಿ ಸುರಿದರೆ ಬಯಲಲ್ಲಿ ನಿಂತ ಮರಿಗಳು ಸಾಯುತ್ತವೆ. ಕುರಿ ಕಳ್ಳರ ಕಾಟ ಬೇರೆ. ಪರ ಊರಿನಲ್ಲಿ ದೂರು ಕೊಡುವುದಾದರೂ ಹೇಗೆ?

ಕಾನೂನು ತಡವಾಗಿಯಾದರೂ ಕಣ್ಣು ತೆರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಸಂಚಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಹೆಸರಿಸಿ ಹೇಳುತ್ತದೆ. ಸತ್ತ ಕುರಿಗೆ ಪರಿಹಾರ ಕೊಡುವ ‘ಅನುಗ್ರಹ’ ಯೋಜನೆ ರಾಜ್ಯದಲ್ಲಿದೆ. 2024ರಲ್ಲಿ ಆರಂಭವಾದ 21ನೆಯ ಜಾನುವಾರು ಗಣತಿ ಮೊದಲ ಬಾರಿಗೆ ಪಶುಪಾಲಕ ಸಮುದಾಯಗಳನ್ನು ಬೇರೆಯಾಗಿ ಎಣಿಸಲು ಹೊರಟಿತು. 2025ರಲ್ಲಿ ವಲಸೆ ಕುರಿಗಾರರ ಕಲ್ಯಾಣಕ್ಕೂ ದೌರ್ಜನ್ಯದಿಂದ ರಕ್ಷಣೆಗೂ ರಾಜ್ಯದ ಶಾಸನಸಭೆಯಲ್ಲಿ ಮಸೂದೆ ಬಂತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ.

ಸ್ಪೇನ್ ದೇಶದ ಉದಾಹರಣೆ ನಮಗೆ ಪಾಠವಾಗಬಲ್ಲದು. ಅಲ್ಲಿ 1273ರಲ್ಲಿಯೇ ರಾಜನು ಕುರಿಗಾರರ ಸಂಘಕ್ಕೆ ಮನ್ನಣೆ ಕೊಟ್ಟು ಹಿಂಡಿನ ದಾರಿಗಳನ್ನು ಕಾಪಾಡಿದ. 1995ರ ಕಾಯ್ದೆ ಅಂಥ ಸುಮಾರು 1,25,000 ಕಿಲೋಮೀಟರ್ ದಾರಿಯನ್ನು ಸಾರ್ವಜನಿಕ ಆಸ್ತಿಯೆಂದು ಸಾರಿತು. ಇಂದಿಗೂ ಶರತ್ಕಾಲದ ಹಬ್ಬದಂದು ಕುರಿ ಹಿಂಡು ರಾಜಧಾನಿ ಮ್ಯಾಡ್ರಿಡ್‌ನ ನಡುಬೀದಿಯಲ್ಲಿ ನಡೆಯುತ್ತದೆ. ಆ ದಿನ ಹಿಂಡಿಗೆ ಕಾರುಗಳು ದಾರಿ ಬಿಡುತ್ತವೆ. ಯುರೋಪಿನ ಹತ್ತು ದೇಶಗಳ ಇಂಥ ಋತುಮಾನದ ನಡಿಗೆಯನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿ ದಾರಿಗೇ ಕಾನೂನಿನ ಆಸರೆ ಇದೆ. ನಮ್ಮಲ್ಲಿ ಹಿಂಡಿನ ದಾರಿ ಉಳಿದಿರುವುದು ಕುರಿಗಾರರ ನೆನಪಿನಲ್ಲಿ ಮಾತ್ರ.

ಉಳಿಸುವುದೆಂದರೇನು?

ಸಂಪ್ರದಾಯ ಉಳಿಯಲಿ ಎಂದು ಬೆಂಗಳೂರಿನ ಮನೆಯಲ್ಲಿ ಕುಳಿತು ಬರೆಯುವುದು ಸುಲಭ. ಬಿಸಿಲಲ್ಲಿ ನಡೆಯುವ ಹುಡುಗಿ ಶಾಲೆಗೆ ಹೋಗಬೇಕೆಂದರೆ ಅವಳನ್ನು ತಡೆಯುವ ಅಧಿಕಾರ ಯಾವ ಪರಂಪರೆಗೂ ಇಲ್ಲ. ಅಕ್ಷರ ಸಿಕ್ಕಿದ್ದರಿಂದಲೇ ನನ್ನಂಥವನಿಗೆ ಬದುಕು ಆಯ್ದುಕೊಳ್ಳಲು ಸಾಧ್ಯವಾಯಿತು. ಅದೇ ಆಯ್ಕೆ ಅವಳಿಗೂ ಇರಬೇಕು. ಆದರೆ ಆಯ್ಕೆ ಎಂದಮೇಲೆ ಎರಡೂ ದಾರಿ ತೆರೆದಿರಬೇಕಲ್ಲವೆ? ಕುರಿ ಬಿಡುವವರು ಮನಸ್ಸು ಬಂದು ಬಿಡಲಿ. ಮೇವಿಲ್ಲದೆ, ದಾರಿಯಿಲ್ಲದೆ, ಮಕ್ಕಳ ಓದಿಗಾಗಿ ಬೇರೆ ಗತಿಯಿಲ್ಲದೆ ಬಿಡುವಂತಾಗಬಾರದು. ಅದು ಅವರೊಬ್ಬರ ಕೈಯಲ್ಲಿಲ್ಲ. ಕರಾರಿಗೆ ಎರಡು ಕಡೆಯವರು ಇರುತ್ತಾರೆ, ಇನ್ನೊಂದು ಕಡೆಯವರು ನಾವು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಮುಂದೆ ಮೂರು ಮಾತು ಇಡುತ್ತೇನೆ. ಒಂದು, ಸುಗ್ಗಿಯ ನಂತರ ಬಿಡಾರದೊಂದಿಗೆ ಬರುವ ಮಕ್ಕಳು ಇರುವಷ್ಟು ದಿನ ನಮ್ಮೂರ ಶಾಲೆಗಳಲ್ಲಿ ಕೂತು ಓದುವಂತಾಗಲಿ. ಅವರ ಊರಿನ ಶಾಲೆಗೆ ಆ ಹಾಜರಿ ತಿಳಿಸುವುದು ಮೊಬೈಲ್ ಯುಗದಲ್ಲಿ ಕಷ್ಟದ ಕೆಲಸವಲ್ಲ. ಬೇಕಾದ ಪುಟ್ಟ ತಂತ್ರಾಂಶವನ್ನು ನಾನು ಮತ್ತು ನನ್ನ ವೃತ್ತಿಯ ಗೆಳೆಯರು ಮಾಡಿಕೊಡಬಲ್ಲೆವು. ಎರಡು, ಗ್ರಾಮ ಪಂಚಾಯಿತಿಯ ಠರಾವಿನಲ್ಲಿ ಉಳಿದ ಗಾಯರಾಣ, ಹಿಂಡಿನ ದಾರಿ, ನೀರು ಕುಡಿಯುವ ಕೆರೆಯ ದಂಡೆ ಇವುಗಳ ಗುರುತು ಸೇರಲಿ. ಮೂರು, ನಮ್ಮ ಶಾಲೆಯ ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಚಟುವಟಿಕೆಯಾಗಿ ಒಂದು ನಕಾಶೆ ಮಾಡಲಿ. ಯಾವ ಹೊಲದಲ್ಲಿ ಯಾವ ಊರಿನ ಹಿಂಡು ತರುಬುತ್ತದೆ, ಎಷ್ಟು ವರ್ಷದಿಂದ, ಯಾವ ದಾರಿಯಲ್ಲಿ ಬರುತ್ತದೆ, ಯಾವ ಹಳ್ಳ ದಾಟುತ್ತದೆ, ಎಲ್ಲವನ್ನೂ ಮನೆಯ ಹಿರಿಯರನ್ನೂ ಬಿಡಾರದ ಯಜಮಾನರನ್ನೂ ಕೇಳಿ ಬರೆಯಲಿ.

ಹಳ್ಳೂರಿನ ಜನರ ಬದುಕನ್ನು ತಿಳಿಯಲು ಎಲುಬು ಅಗೆಯಬೇಕಾಯಿತು, ಏಕೆಂದರೆ ಬರೆದಿಡುವವರು ಯಾರೂ ಇರಲಿಲ್ಲ. ನಮಗೆ ಆ ಕೊರತೆಯಿಲ್ಲ. ದೀಪಾವಳಿ ಕಳೆದ ಕೆಲವೇ ವಾರಗಳಲ್ಲಿ ಹಿಂಡುಗಳು ಮತ್ತೆ ಈ ಕಡೆ ತಿರುಗುತ್ತವೆ. ನಕಾಶೆಯ ಕೆಲಸವನ್ನು ಈ ವರ್ಷವೇ ಶುರು ಮಾಡಬಹುದು.